ಗಾಳಿಕೊಪ್ಪದ ವಿಳಾಸ

ಊರೆಂದ ಮೇಲೆ ಅದು ಒಂದು ಕಡೆ ಕೂತಿರಬೇಕು ಎನ್ನುವ ಮಾತು ದಾಕ್ಷಾಯಿಣಿ ಹುಟ್ಟುವ ಹೊತ್ತಿಗಾಗಲೇ ಹಳತಾಗಿತ್ತು. ವಿಜಯಪುರದ ಸುತ್ತಲಿನ ಎರೆಹೊಲಗಳೆಲ್ಲ ಸೌರಫಲಕಗಳ ಬಯಲುಗಳಾಗಿದ್ದವು. ಬಿತ್ತನೆ ನಿಂತುಹೋಗಿದ್ದರೂ ಜನ ಅವುಗಳನ್ನು ಕುಸುಬಿಬಯಲು, ಕಡಲಿಬಯಲು, ಸಜ್ಜಿಬಯಲು ಎಂದು ಹಿಂದಿನ ಬೆಳೆಗಳ ಹೆಸರಿನಿಂದಲೇ ಕರೆಯುತ್ತಿದ್ದರು. ಬೇಸಿಗೆಯ ಗಾಳಿ ದಿನಾ ಒಂದು ಪದರ ಕರಿಧೂಳನ್ನು ತಂದು ಫಲಕಗಳ ಮೇಲೆ ಹಾಸಿಹೋಗುತ್ತಿತ್ತು. ಧೂಳು ಒರೆಸಲು ಮೊದಮೊದಲು ಯಂತ್ರಗಳನ್ನೇ ತಂದರು. ಆ ಯಂತ್ರಗಳ ಕೀಲುಗಳಿಗೇ ಧೂಳು ಹೊಕ್ಕು ಅವು ಮೂಲೆ ಸೇರಿದವು. ಕಡೆಗೆ ಆ ಕೆಲಸ ಮನುಷ್ಯರ ಕೈಗೇ ಬಂತು. ಗಾಜು ಕಾಯುವ ಮೊದಲು, ಇನ್ನೂ ನಸುಕು ಇರುವಾಗಲೇ, ತುಸು ನೀರು ಚಿಮುಕಿಸಿ ಒರೆಸಬೇಕು. ಬಿಸಿಲೇರಿದ ಮೇಲೆ ನೀರು ತಾಗಿಸಿದರೆ ಗಾಜು ಸೀಳುತ್ತದೆ.

ಒಂದು ಬಯಲು ಮುಗಿದರೆ ಇನ್ನೊಂದು. ಹಾಗೆ ಹೋಗುವವರು ಬರೀ ಕೂಲಿಗಳಲ್ಲ, ಹೆಂಡತಿ ಮಕ್ಕಳು, ಮುದುಕರು, ಆಡುಗಳು, ಗುಡಾರಗಳು, ಒಲೆಗಳು ಎಲ್ಲ ಜೊತೆಗೇ ಹೋಗುತ್ತಿದ್ದವು. ಇಂಥವಕ್ಕೆ ಸರ್ಕಾರ ನಡೆಯೂರು ಎಂದು ಕರೆದು ಊರಿನ ಮಾನ್ಯತೆ ಕೊಟ್ಟಿತು. ನಡೆಯೂರಿಗೆ ಸರ್ವೆ ನಂಬರ್ ಇರಲಿಲ್ಲ, ಗಡಿಕಲ್ಲು ಇರಲಿಲ್ಲ. ಇದ್ದದ್ದು ಒಂದು ಹೆಸರು ಮಾತ್ರ.

ಜಾಗವೇ ಇಲ್ಲದ ಊರಿಗೆ ಔಷಧ, ನೀರಿನ ಟ್ಯಾಂಕರು, ಮಕ್ಕಳ ಪಾಠ, ನೆಂಟರ ಫೋನು ತಲುಪುವುದು ಹೇಗೆ? ಅದಕ್ಕೆ ಇಂಟರ್ನೆಟ್ಟಿನ ಒಂದು ಹಳೆಯ ಉಪಾಯ ಒದಗಿಬಂತು. ಜಾಲತಾಣಗಳಿಗೆ ಡೊಮೇನ್ ಹೆಸರುಗಳಿದ್ದಂತೆಯೇ ಇದು. ಯಂತ್ರದ ವಿಳಾಸ ಬದಲಾದರೂ ಹೆಸರು ಬದಲಾಗದು. ಯಾವ ಹೆಸರು ಈಗ ಯಾವ ವಿಳಾಸದಲ್ಲಿದೆ ಎಂದು ಕೇಳಿದರೆ ಹೇಳಲು ಎಲ್ಲೋ ಒಂದು ದಾಖಲೆ ಇದ್ದರೆ ಸಾಕು. ನಡೆಯೂರುಗಳ ಅಂಥ ದಾಖಲೆಗಳನ್ನು ಇಟ್ಟುಕೊಂಡಿದ್ದ ಕಚೇರಿಗೆ ಜನ ಹೆಸರುಮನೆ ಎನ್ನುತ್ತಿದ್ದರು. ದಾಕ್ಷಾಯಿಣಿ ಅಲ್ಲಿ ಕೆಲಸಕ್ಕಿದ್ದಳು.

ಪ್ರತಿ ನಡೆಯೂರಿನ ಬಂಡಿಯಲ್ಲೂ ಒಂದು ಪೆಟ್ಟಿಗೆ. ಊರಿನ ಫೋನು, ಪಾಠ, ಗಡಿಯಾರ, ಬೆಳಗಿನ ಸೈರನ್ ಎಲ್ಲ ಅದರದ್ದೇ. ಹೊಸ ಬಯಲಿಗೆ ಬಂದು ಪೆಟ್ಟಿಗೆಯನ್ನು ಚಾಲೂ ಮಾಡಿದರೆ ಅಲ್ಲಿನ ಮೊಬೈಲ್ ಗೋಪುರ ಅದಕ್ಕೊಂದು ಹೊಸ ವಿಳಾಸ ಕೊಡುತ್ತಿತ್ತು. ಆಗ ಪೆಟ್ಟಿಗೆಯೊಳಗಿನ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಎದ್ದು, 'ನಮ್ಮ ಹಳೆಯ ವಿಳಾಸ ಅಳಿಸಿ, ಇದನ್ನು ಬರೆದುಕೊಳ್ಳಿ' ಎಂದು ಹೆಸರುಮನೆಗೊಂದು ಸಣ್ಣ ಪತ್ರ ಕಳಿಸುತ್ತಿತ್ತು. ಪತ್ರದ ಕೆಳಗೆ ಊರಿನ ಗುಟ್ಟಿನ ಕೀಲಿಯಿಂದ ಹಾಕಿದ ಸಹಿ, ಸಹಿಯ ಪಕ್ಕದಲ್ಲಿ ವೇಳೆ. ಹೆಸರುಮನೆ ಎರಡನ್ನೂ ನೋಡುತ್ತಿತ್ತು. ಸಹಿ ಸರಿಯಿದ್ದರೂ ವೇಳೆ ಐದು ನಿಮಿಷಕ್ಕಿಂತ ಹೆಚ್ಚು ಆಚೀಚೆ ಇದ್ದರೆ ಪತ್ರ ವಾಪಸ್ಸು. ಈ ನಿಯಮ ಇಲ್ಲದಿದ್ದರೆ ಯಾರಾದರೂ ಹೋದ ತಿಂಗಳ ಪತ್ರದ ನಕಲನ್ನು ಇವತ್ತು ಕಳಿಸಿ ಇಡೀ ಊರನ್ನು ಹೋದ ತಿಂಗಳ ಜಾಗಕ್ಕೆ ಎಳೆದುಬಿಡಬಹುದಿತ್ತು.

ಆ ಸ್ಕ್ರಿಪ್ಟನ್ನು ಬರೆದವಳು ದಾಕ್ಷಾಯಿಣಿಯೇ. ನಾಲ್ಕು ಜನರ ಮುಂದೆ ಬಾಯಿಬಿಡಲು ಹಿಂಜರಿಯುವ ಅವಳಿಗೆ, ಹೇಳುವುದನ್ನು ಒಂದೇ ಸಾಲಿನಲ್ಲಿ ಹೇಳಿ ಸುಮ್ಮನಾಗುವ ಆ ಸ್ಕ್ರಿಪ್ಟ್ ಇಷ್ಟವಾಗಿತ್ತು. ಪತ್ರ ತಿರಸ್ಕೃತವಾದರೆ ಅದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸುತ್ತಿತ್ತು, ಮತ್ತೂ ಕಳಿಸುತ್ತಿತ್ತು. ಗಲಾಟೆ ಇಲ್ಲ, ದೂರು ಇಲ್ಲ. "ಬರದಾಕಿ ಹಂಗಽ ಬರದದ್ದು" ಎಂದು ಕಚೇರಿಯಲ್ಲಿ ನಗುತ್ತಿದ್ದರು.

ಒಂದು ಸಂಜೆ ಅವಳು ಮನೆಗೆ ಬಂದಾಗ ಅವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಫೋನಿನಲ್ಲಿ ಯಾರನ್ನೋ ದಬಾಯಿಸುತ್ತಿದ್ದಳು.

"ನಾ ಗಾಳಿಕೊಪ್ಪಕ್ಕ ಹಚ್ಚೀನಿ. ನಡುವ ನೀ ಯಾರಂವಾ?"

"ಯವ್ವಾ, ನಿನ್ನೀನೂ ಹೇಳೀನಿ, ಮೊನ್ನೀನೂ ಹೇಳೀನಿ," ಫೋನಿನಲ್ಲಿ ಗಂಡಸಿನ ದನಿ. "ಇದು ಉಳ್ಳಾಗಡ್ಡಿ ಗೋದಾಮು. ಕುಸುಬಿಬಯಲಿನ ಬಾಜೂಕ ಐತಿ. ನಾ ವಾಚ್‌ಮನ್ ಮೌಲಾಸಾಬ."

"ಹಂಗಾರ ನನ್ನ ಮಗಳ ಫೋನು ನಿನ್ನ ಕೈಯಾಗ ಹೆಂಗ ಬಂತು?"

"ನಿನ್ನ ಮಗಳದು ಒಂದಽ ಅಲ್ಲ, ಆ ಊರಿನ ಎಲ್ಲಾರದೂ ನನಗಽ ಬರಾಕತ್ತಾವ. ಅವರು ಇಲ್ಲಿಂದ ಗುಡಾರ ಕಿತ್ತಗೊಂಡು ಹೋಗಿ ವಾರ ಆತು. ಮುಂಜಾನೆ ಸಾಲಿ ಮಾಸ್ತರು ಮಗ್ಗಿ ಹೇಳು ಅಂದ್ರು. ಹೇಳಿದೆ. ಹದಿಮೂರರ ಮಗ್ಗಿ ತಪ್ಪಿತಂತ ನನಗಽ ಬೈದ್ರು."

ಅವ್ವನಿಗೆ ನಗು ಬರಲಿಲ್ಲ. ದಾಕ್ಷಾಯಿಣಿ ಇನ್ನೇನು ನಗಬೇಕು, ಅಷ್ಟರಲ್ಲಿ ಮೌಲಾಸಾಬ ಮುಂದಿನ ಮಾತು ಆಡಿದ.

"ಮತ್ತ ನಿನ್ನೆ ಒಂದು ಹಾರುಪೆಟ್ಟಿಗಿ ಬಂದು ಅಂಗಳದಾಗ ಇಳದೈತ್ರಿ. ಔಷಧ ಅಂತ ಬರದಾರ. ನಾ ಮುಟ್ಟಿಲ್ಲ, ನೆರಳಿಗೆ ಸರಿಸಿಟ್ಟೀನಿ ಅಷ್ಟಽ."

ದಾಕ್ಷಾಯಿಣಿ ಫೋನನ್ನು ಅವ್ವನ ಕೈಯಿಂದ ಕಿತ್ತುಕೊಂಡಳು. ಅಪರಿಚಿತರೊಡನೆ ಫೋನಿನಲ್ಲಿ ಮಾತಾಡುವುದನ್ನು ಅವಳು ಯಾವಾಗಲೂ ತಪ್ಪಿಸುತ್ತಿದ್ದಳು. ಈಗ ಅದು ನೆನಪಾಗಲಿಲ್ಲ.

"ಅದರ ಮ್ಯಾಲ ಹಸರ ದೀಪ ಐತೇನ್ರಿ? ಒಳಗ ತಂಪು ಇದ್ರ ದೀಪ ಇರ್ತೈತಿ."

"ಇಲ್ಲವಾ ತಂಗಿ. ನಿನ್ನೆ ಮಧ್ಯಾಹ್ನನಽ ಆರಿತು."

ದೀಪ ಆರಿದೆ ಎಂದರೆ ಔಷಧ ಕೆಟ್ಟಿತು. ಅದು ಅವಳ ಅಕ್ಕ ಕಸ್ತೂರಿಯ ಇನ್ಸುಲಿನ್. ಕಸ್ತೂರಿಗೆ ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆ. ಅವಳ ಮೈ ತಾನಾಗಿ ಒಂದು ಹನಿ ಇನ್ಸುಲಿನ್ನನ್ನೂ ತಯಾರಿಸುತ್ತಿರಲಿಲ್ಲ, ಹೊರಗಿನಿಂದ ಚುಚ್ಚದಿದ್ದರೆ ಬದುಕಿಲ್ಲ. ನಡೆಯೂರಿನ ಬಿಸಿಲಲ್ಲಿ ಒಂದು ವಾರಕ್ಕಿಂತ ಹೆಚ್ಚಿನದನ್ನು ಇಟ್ಟುಕೊಳ್ಳಲಾಗದು, ಅದಕ್ಕೇ ವಾರಕ್ಕೊಮ್ಮೆ ತಂಪಿನ ಹಾರುಪೆಟ್ಟಿಗೆ, ಎಂದರೆ ಔಷಧದ ಡ್ರೋನ್, ಊರಿನ ಹೆಸರು ಕೇಳಿಕೊಂಡು ಹೋಗಿ ಇಳಿಯುತ್ತಿತ್ತು. ಈ ವಾರದ್ದು ಉಳ್ಳಾಗಡ್ಡಿ ಗೋದಾಮಿನಲ್ಲಿ ಇಳಿದಿದೆ.

"ಆಕೀನಾದ್ರೂ ಫೋನ್ ಮಾಡಬಾರದಾ?" ಎಂದಳು ಅವ್ವ.

"ಮಾಡಿದ್ರೂ ಹೋಗಂಗಿಲ್ಲವ್ವ. ಹೆಸರು ಒಂದು ಕಡೆ, ವಿಳಾಸ ಒಂದು ಕಡೆ ಇದ್ರ ಕಳ್ಳರ ಫೋನು ಅಂತ ನಡುವಽ ಕತ್ತರಸ್ತಾರ. ಊರವರು ಟವರಿಗೆ ಬೈಕೋತ ಕುಂತಿರ್ತಾರ."

ಅವ್ವ ಎದ್ದು ನಿಂತಳು. ಕಸ್ತೂರಿ ಗಾಳಿಕೊಪ್ಪದ ಈರಣ್ಣನನ್ನು ತಾನೇ ಮೆಚ್ಚಿ ಮದುವೆಯಾದಾಗಿನಿಂದ ಅವಳ ಹೊಟ್ಟೆಯಲ್ಲಿದ್ದ ಸಿಟ್ಟು ಒಂದೇ ಸಲಕ್ಕೆ ಹೊರಗೆ ಬಂತು. "ಹೊಸ್ತಿಲಿಲ್ಲದ ಊರಿಗೆ ಹೊಂಟಿ ಅಂತ ಅವತ್ತಽ ಬಡಕೊಂಡೆ. ಕೇಳಿದ್ಲಾ? ಹೋಗು, ಎಲ್ಲೈತಿ ಆ ಊರು ಹುಡಕು, ಆಕೀನ ಕರ್ಕೊಂಡು ಬಾ. ಇನ್ನ ಮ್ಯಾಲ ಇಲ್ಲೇ ಇರಲಿ. ಬೇಕಾದ್ರ ಗಂಡ ಬಂದು ನೋಡಿ ಹೋಗಲಿ."

ಮರುದಿನ ಬೆಳಿಗ್ಗೆ ಹೆಸರುಮನೆಯ ನಿಯಂತ್ರಣ ಕೋಣೆ ಎಂದಿನಂತೆ ತಣ್ಣಗಿತ್ತು. ಗೋಡೆಯಗಲದ ಪರದೆಯ ಮೇಲೆ ನಡೆಯೂರುಗಳು ಹಸಿರು ಚುಕ್ಕೆಗಳಾಗಿ ಮಿನುಗುತ್ತಿದ್ದವು. ಗಾಳಿಕೊಪ್ಪವೂ ಹಸಿರಾಗಿಯೇ ಇತ್ತು, ಆದರೆ ಕುಸುಬಿಬಯಲಿನಲ್ಲಿ. ಅಲ್ಲಿನ ಗೋಪುರ ಬಿಟ್ಟುಹೋದವರ ವಿಳಾಸವನ್ನು ಪಕ್ಕದ ಗೋದಾಮಿಗೆ ಕೊಟ್ಟಿದ್ದರಿಂದ, ಆ ವಿಳಾಸದಿಂದ ಉತ್ತರ ಬರುತ್ತಿತ್ತು. ಉತ್ತರ ಬರುತ್ತಿರುವ ಊರಿಗೆ ಏನಾಗಿದೆ ಎಂದು ಯಾರು ನೋಡುತ್ತಾರೆ?

ದಾಕ್ಷಾಯಿಣಿ ತಿರಸ್ಕೃತ ಪತ್ರಗಳ ರಾಶಿಯನ್ನು ತೆರೆದಳು. ಅಲ್ಲಿ ಸಾಲುಸಾಲಾಗಿ ಗಾಳಿಕೊಪ್ಪದ ಪತ್ರಗಳು ಬಿದ್ದಿದ್ದವು. ಎಲ್ಲವೂ ಕಡಲಿಬಯಲಿನ ಗೋಪುರದಿಂದ ಬಂದವು, ಎಲ್ಲದರ ಸಹಿಯೂ ಸರಿ. ಎಲ್ಲದರ ಕೆಳಗೂ ಒಂದೇ ಷರಾ: ವೇಳೆ ಹೊಂದಿಲ್ಲ. ಅವಳು ವ್ಯತ್ಯಾಸ ನೋಡಿದಳು. ಪತ್ರಗಳು ಹಳೆಯವಲ್ಲ. ಅವುಗಳ ವೇಳೆ ಹನ್ನೆರಡು ನಿಮಿಷ ಮುಂದಿತ್ತು.

ಅವಳು ಮೇಲಧಿಕಾರಿ ಗುರುಪಾದಪ್ಪನವರ ಮೇಜಿನ ಮುಂದೆ ಹೋಗಿ ನಿಂತಳು. ಅವರು ತಲೆಯೆತ್ತುವವರೆಗೆ ಕಾಯುವುದು ಅವಳ ರೂಢಿ. ಇವತ್ತು ಕಾಯಲಿಲ್ಲ.

"ಸರ್, ಗಾಳಿಕೊಪ್ಪದ ದಾಖಲೆ ಕೈಯಿಂದ ತಿದ್ದಬೇಕ್ರಿ."

ಗುರುಪಾದಪ್ಪ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಇವಳಿಗೆ ಇಷ್ಟು ದನಿ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡು, "ಕೈಯಿಂದ ಬರಿಯಾಂಗಿಲ್ಲವಾ," ಎಂದರು. "ಬರದದ್ದಕ್ಕಽ ಹಿಂದ ಒಂದು ಊರಿನ ನೀರು ಮತ್ತೊಂದು ಊರಿಗೆ ಹೋಗಿ ಬಡಿದಾಟ ಆಗಿತ್ತು. ಕೀಲಿ ಇದ್ದವರಽ ಬರೀಬೇಕು."

"ಕೀಲಿ ಇದ್ದವರಽ ಬರದಾರಲ್ರಿ ಸರ್, ಸಹಿ ಸರಿ ಐತಿ. ಕದ್ದ ಪತ್ರ ಯಾವತ್ತಿದ್ರೂ ಹಳೇದಿರ್ತೈತಿ. ಇದು ಮುಂದಿನ ವೇಳೆದು. ಇನ್ನೂ ಆಗಲಾರದ ವೇಳೆದ ಪತ್ರ ಯಾರು ಕದೀತಾರ?"

ಗುರುಪಾದಪ್ಪನವರಿಗೆ ಆ ಮಾತು ರುಚಿಸಿತು. ಆದರೂ ತಲೆಯಾಡಿಸಿದರು. "ಇವತ್ತು ಹನ್ನೆರಡು ನಿಮಿಷ ಮುಂದಿಂದು ಬಿಟ್ಟೆ ಅನ್ನು. ನಾಳೆ ಯಾರೋ ಒಬ್ಬ ಪೆಟ್ಟಿಗಿ ಮುಂದ ಕುಂತು ಮುಂದಿನ ವರ್ಷದ ವೇಳೆ ಹಾಕಿ ಸಹಿ ಮಾಡಿಸಿ ಇಟ್ಕೋತಾನ. ಆ ದಿನ ಬಂದ ಕೂಡ್ಲೆ ಕಳಸ್ತಾನ. ಆಗ?"

ಅವರು ಹೇಳಿದ್ದು ಸರಿಯೆಂದು ಅವಳಿಗೂ ಕಂಡಿತು.

"ಸ್ಕ್ರಿಪ್ಟ್ ನಿಂದು. ಅದು ಇರೋದು ಅವರ ಪೆಟ್ಟಿಗ್ಯಾಗ. ಅಲ್ಲೇ ಹೋಗಿ ಸರಿ ಮಾಡು," ಎಂದರು. ಅಷ್ಟಕ್ಕೇ ನಿಲ್ಲಿಸದೆ ಔಷಧ ಉಗ್ರಾಣಕ್ಕೆ ತಾವೇ ಫೋನು ಮಾಡಿ ಎರಡು ಸೀಸೆ ಕೊಡಿಸಿದರು. ಉಳಿದದ್ದು ನಾಳೆಯ ಹಾರುಪೆಟ್ಟಿಗೆಯಲ್ಲಿ ಬರುತ್ತದೆ ಎಂದು ಉಗ್ರಾಣದವರು ಹೇಳಿದರು. "ನಾಳೆ ಹೊತ್ತಿಗೆ ಹೆಸರು ಸರಿ ಇದ್ರ ಬರ್ತೈತಿ," ಎಂದು ಗುರುಪಾದಪ್ಪ ಸೇರಿಸಿದರು.

ಕಡಲಿಬಯಲಿನ ಅಂಚಿನಲ್ಲಿ ಬಸ್ಸಿಳಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಫಲಕಗಳ ಸಾಲಿನಾಚೆ ಗುಡಾರಗಳ ಗುಂಪು ಕಂಡಿತು. ಈರಣ್ಣ ಓಡಿಬಂದು ಅವಳ ಕೈಯ ಚೀಲವನ್ನು ಇಸಿದುಕೊಂಡ. ಅವನ ಮುಖ ಬಾಡಿತ್ತು.

"ಎರಡು ದಿನದಿಂದ ಅರ್ಧರ್ಧ ತಗೊಳ್ಳಾಕತ್ತಿದ್ಲು. ನನಗ ಹೇಳಿಲ್ಲ. ಇವತ್ತು ಮುಂಜಾನೆ ವಾಂತಿ ಆದ ಮ್ಯಾಲ ಗೊತ್ತಾತು. ಜೀಪು ತರಾಕ ಹುಡುಗರನ್ನ ಕಳಸೀನಿ, ಇನ್ನೂ ಬಂದಿಲ್ಲ."

ಕಸ್ತೂರಿ ಗುಡಾರದಲ್ಲಿ ಮಗ್ಗುಲಾಗಿ ಮಲಗಿದ್ದಳು. ತುಟಿ ಒಣಗಿ ಬಿಳಿಚಿತ್ತು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ತಂಗಿಯನ್ನು ನೋಡಿ, "ನೀ ಎಲ್ಲಿಂದ ಬಂದಿ?" ಎಂದಳು. ಮತ್ತೆ, "ಅವ್ವಗ ಹೇಳಬ್ಯಾಡ," ಎಂದಳು.

"ಅವ್ವನಽ ಕಳಸ್ಯಾಳ. ಸುಮ್ನ ಮಕ್ಕೊ."

ನಡೆಯೂರುಗಳ ವೈದ್ಯೆಯನ್ನು ದಾಕ್ಷಾಯಿಣಿ ತನ್ನ ಸ್ವಂತ ಫೋನಿನಲ್ಲಿ ಹಿಡಿದಳು, ಅದು ಪಟ್ಟಣದ ಹೆಸರಿನಲ್ಲಿದ್ದುದರಿಂದ ಕರೆ ಹೋಯಿತು. ವೈದ್ಯೆ ಹೇಳಿದಷ್ಟು ಅಳೆದು ಚುಚ್ಚಿದಳು. ನೀರು ಕುಡಿಸಿದಳು, ಉಪ್ಪಿನ ಗಂಜಿ ಕುಡಿಸಿದಳು, ಬೆರಳು ಚುಚ್ಚಿ ರಕ್ತ ನೋಡಿದಳು, ಮತ್ತೆ ನೋಡಿದಳು. ಬಿಸಿಲು ಇಳಿಯುವ ಹೊತ್ತಿಗೆ ಸಕ್ಕರೆ ಇಳಿಯತೊಡಗಿತು, ವಾಂತಿಯೂ ನಿಂತಿತು. ವೈದ್ಯೆ ಆಸ್ಪತ್ರೆಗೆ ತರುವ ಅಗತ್ಯವಿಲ್ಲ ಎಂದಳು. "ಆದರೆ ಇನ್ನೊಂದು ಸಲ ಹೀಗಾದರೆ ನಾನು ಮಾತು ಕೊಡಲಾರೆ," ಎಂದೂ ಹೇಳಿದಳು.

ಅಷ್ಟರಲ್ಲಿ ಹೊರಗೆ ಪೆಟ್ಟಿಗೆ ಕೂಗಿತು. ಅದು ಸಂಜೆ ಒಲೆ ಹಚ್ಚುವ ಸೈರನ್. ದಾಕ್ಷಾಯಿಣಿ ತನ್ನ ಕೈಗಡಿಯಾರ ನೋಡಿಕೊಂಡಳು. ಮತ್ತೆ ಬಂಡಿಯ ಮೇಲಿನ ಪೆಟ್ಟಿಗೆಯ ಗಡಿಯಾರ ನೋಡಿದಳು.

"ಈರಣ್ಣ ಮಾವಾ, ಈ ಗಡಿಯಾರ ಯಾಕ ಮುಂದ ಐತಿ?"

ಉತ್ತರ ಕೊಟ್ಟದ್ದು ಈರಣ್ಣನ ತಾಯಿ ಶಂಕ್ರೆವ್ವ. ಅವಳೇ ಊರಿನ ಯಜಮಾನಿ, ಬೆಳಿಗ್ಗೆ ಯಾವ ಸಾಲಿಗೆ ಯಾರು ಎಂದು ಹೇಳುವವಳು. "ನಾನಽ ಮುಂದ ಮಾಡೀನಿ ತಂಗಿ. ನಿಮ್ಮ ಮನ್ಯಾಗ ಗಡಿಯಾರ ಮುಂದ ಇಡಂಗಿಲ್ಲೇನು?"

ಇಡುತ್ತಿದ್ದರು. ಅವ್ವ ಗೋಡೆಯ ಗಡಿಯಾರವನ್ನು ಯಾವಾಗಲೂ ಮುಂದಿಟ್ಟು, ಮುಂದಿದೆ ಎಂದು ಗೊತ್ತಿದ್ದೂ ದಿನಾ ಗಾಬರಿಯಾಗುತ್ತಿದ್ದಳು.

"ಹಿಂದ ನಾಕು ನಿಮಿಷ ಅಷ್ಟಽ ಮುಂದಿಡತಿದ್ದೆ. ಎಲ್ಲಾ ಸುರಳೀತ ನಡದಿತ್ತು," ಎಂದಳು ಶಂಕ್ರೆವ್ವ. "ಕುಸುಬಿಬಯಲಾಗ ಹಸರ ಗುಡಾರದ ಮತ್ತೊಂದು ನಡೆಯೂರಿನವರು ನಮ್ಮಕಿಂತ ಮೊದಲ ಎದ್ದು ತಂಪಿನ ಸಾಲೆಲ್ಲ ಹಿಡದ್ರು. ನಮ್ಮ ಹೆಣ್ಣಮಕ್ಕಳು ಕಾದ ಗಾಜಿನ ಮುಂದ ಕೈ ಸುಟ್ಟಗೊಂಡ್ರು. ಅದಕ್ಕ ಅಲ್ಲಿಂದ ಹೊರಡಾಗ ಇನ್ನಷ್ಟು ಮುಂದ ತಿರುವಿದೆ. ಪೆಟ್ಟಿಗಿ ತಂತಾನ ಹಿಂದ ಸರೀತಿತ್ತು, ಸರೀಬಾರದಂಗ ಆ ಗುಂಡಿನೂ ಬಂದ್ ಮಾಡೀನಿ."

ನಾಲ್ಕು ನಿಮಿಷ ಐದರೊಳಗಿತ್ತು, ಅದಕ್ಕೇ ಹೆಸರುಮನೆ ಏನೂ ಅಂದಿರಲಿಲ್ಲ. ದಾಕ್ಷಾಯಿಣಿ ಬಂಡಿಯ ಮೂಕಿಮರದ ಮೇಲೆ ಕೂತು, ಪತ್ರ, ಸಹಿ, ವೇಳೆ ಎಲ್ಲವನ್ನೂ ತಿಳಿಸಿ ಹೇಳಿದಳು. ಶಂಕ್ರೆವ್ವ ಸೊಸೆಯ ಗುಡಾರದ ಕಡೆ ನೋಡಿದಳು.

"ಹಂಗಾರ ನನ್ನ ಕೈಯಿಂದಽ ಆಗೈತಿ."

"ನಿಮಗ ಹೆಂಗ ಗೊತ್ತಾಗಬೇಕ್ರಿ ಅತ್ತಿ."

"ಇದಕ್ಕ ಗೊತ್ತಿತ್ತಲ್ಲ! ಪತ್ರ ತಗೊಳ್ಳವಲ್ರು ಅಂತ ಇದಕ್ಕ ಗೊತ್ತಿತ್ತೋ ಇಲ್ಲೋ?" ಶಂಕ್ರೆವ್ವ ಪೆಟ್ಟಿಗೆಯ ನೆತ್ತಿಗೆ ಒಂದು ಏಟು ಹಾಕಿದಳು. "ಒಲಿ ಹಚ್ಚು ಅಂತ ಒದರಾಕ ಬಾಯಿ ಐತಿ. ಇದನ್ನ ಹೇಳಾಕ ಇಲ್ಲಾ? ಯಾರು ಮಾಡ್ಯಾರ ಇಂಥಾ ಮೂಕ ಬಸಪ್ಪನ್ನ?"

"ನಾನಽರೀ," ಎಂದಳು ದಾಕ್ಷಾಯಿಣಿ.

ಶಂಕ್ರೆವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೌದನ್ನು," ಎಂದಳಷ್ಟೆ.

ಗಡಿಯಾರವನ್ನು ಹಿಂದಕ್ಕೆ ತಿರುವಿದರೆ ಎಲ್ಲ ಮುಗಿಯುತ್ತಿತ್ತು. ಶಂಕ್ರೆವ್ವ ಅದಕ್ಕೂ ತಯಾರಿದ್ದಳು. ಆದರೆ ಸುಟ್ಟ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ರೊಟ್ಟಿ ತಟ್ಟುತ್ತಿದ್ದ ಹೆಣ್ಣುಮಕ್ಕಳನ್ನು ದಾಕ್ಷಾಯಿಣಿ ಬಂದಾಗಿನಿಂದ ನೋಡುತ್ತಿದ್ದಳು. ಇವತ್ತು ತಿರುವಿದ ಮುಳ್ಳನ್ನು ಮುಂದಿನ ಬಯಲಿನಲ್ಲಿ ಯಾರೋ ಮತ್ತೆ ಮುಂದೆ ತಿರುವುತ್ತಾರೆ. ಆಗ ಕಸ್ತೂರಿಯ ಗತಿ?

ಪತ್ರ ತಿರಸ್ಕರಿಸುವಾಗ ಹೆಸರುಮನೆ ಸುಮ್ಮನೆ ಬೇಡ ಎನ್ನುತ್ತಿರಲಿಲ್ಲ. ತನ್ನ ವೇಳೆ ಎಷ್ಟು ಎಂದು ಬರೆದು, ತಾನೂ ಸಹಿ ಮಾಡಿ ಕಳಿಸುತ್ತಿತ್ತು. ಸ್ಕ್ರಿಪ್ಟ್ ಆ ಉತ್ತರವನ್ನು ಓದದೆ ಅದೇ ತಪ್ಪು ವೇಳೆ ಹಾಕಿ ಮತ್ತೆ ಮತ್ತೆ ಕಳಿಸುತ್ತ ಕೂತಿತ್ತು. ದಾಕ್ಷಾಯಿಣಿ ತನ್ನ ಮಡಿಲಗಣಕವನ್ನು ಪೆಟ್ಟಿಗೆಗೆ ಜೋಡಿಸಿ ಸ್ಕ್ರಿಪ್ಟಿಗೆ ಕೆಲವು ಸಾಲು ಸೇರಿಸಿದಳು. ಬೇಡವೆಂಬ ಉತ್ತರ ಬಂದರೆ ಮೊದಲು ಅದರ ಸಹಿ ನೋಡು. ಅದು ಹೆಸರುಮನೆಯದೇ ಆಗಿದ್ದರೆ ಅದರ ವೇಳೆಗೂ ನಿನ್ನ ವೇಳೆಗೂ ಎಷ್ಟು ವ್ಯತ್ಯಾಸ ಎಂದು ಲೆಕ್ಕ ಹಾಕು. ಆ ವ್ಯತ್ಯಾಸ ಕಳೆದು ಹೊಸದಾಗಿ ಸಹಿ ಮಾಡು. ಊರಿನ ಗಡಿಯಾರ ಮುಟ್ಟಬೇಡ. ಅದಕ್ಕೂ ಒಪ್ಪದಿದ್ದರೆ ಕೂಗು.

ಏನೆಂದು ಕೂಗಬೇಕು? ದಾಕ್ಷಾಯಿಣಿ ಪೆಟ್ಟಿಗೆಯ ಹತ್ತಿರ ಬಾಯಿಟ್ಟು, "ಹೆಸರುಮನಿ ನಮ್ಮ ಪತ್ರ ತಗೊಂಡಿಲ್ಲ, ನೋಡ್ರಿ," ಎಂದು ಮುದ್ರಿಸಿದಳು.

"ಈ ದನಿಗೆ ಆಡೂ ಕಿವಿ ಅಳ್ಳಾಡಸಂಗಿಲ್ಲ. ಸರಿ ಅತ್ತಾಗ," ಎಂದು ಶಂಕ್ರೆವ್ವ ಅವಳನ್ನು ಮೊಣಕೈಯಿಂದ ಸರಿಸಿ ತಾನೇ ಕೂಗಿದಳು. ಗುಡಾರದೊಳಗಿಂದ ಕಸ್ತೂರಿ ನಕ್ಕದ್ದು ಕೇಳಿಸಿತು.

ಸ್ಕ್ರಿಪ್ಟ್ ಓಡಿತು. ಮೊದಲ ಪತ್ರ ವಾಪಸ್ಸಾಯಿತು. ಎರಡನೆಯದು ಹೋಯಿತು, ಮರಳಿ ಬರಲಿಲ್ಲ. ಹೆಸರುಮನೆ ಬರೆದುಕೊಂಡಿತು. ಸ್ವಲ್ಪ ಹೊತ್ತಿನಲ್ಲೇ ಊರಿನ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಕಸ್ತೂರಿಯ ಫೋನಿನಲ್ಲಿ ಅವ್ವ.

"ಯಾರು, ಮೌಲಾಸಾಬನಾ?"

"ನಾ ಬೇ ಅವ್ವಾ, ಕಸ್ತೂರಿ."

ಅವ್ವ ಬೈಯತೊಡಗಿದಳು. ಅರ್ಧರ್ಧ ತೆಗೆದುಕೊಂಡದ್ದಕ್ಕೆ, ಹೇಳದಿದ್ದದ್ದಕ್ಕೆ, ಮದುವೆಯಾದದ್ದಕ್ಕೆ. ಕಸ್ತೂರಿ ಸುಮ್ಮನೆ ಕೇಳಿಸಿಕೊಂಡು, "ನಾ ಬರಂಗಿಲ್ಲವ್ವ," ಎಂದಳು. "ಇಲ್ಲಿ ನನ್ನ ಕೆಲಸ ಐತಿ, ಮನಿ ಐತಿ. ಔಷಧ ಬರಲಿಲ್ಲ ಅಷ್ಟಽ, ಬ್ಯಾರೆ ಏನೂ ಕಡಿಮಿ ಇಲ್ಲ ನನಗ."

"ಅದೊಂದು ಕಡಿಮಿ ಆದ್ರ ನೀನಽ ಇರಂಗಿಲ್ಲಲ್ಲ! ದಾಕ್ಷಿಗೆ ಕೊಡು."

ದಾಕ್ಷಾಯಿಣಿ ಫೋನು ತೆಗೆದುಕೊಂಡಳು. ಎಲ್ಲ ಸರಿಹೋಗಿದೆ, ನಾಳೆಯ ಹಾರುಪೆಟ್ಟಿಗೆ ಇಲ್ಲಿಗೇ ಬರುತ್ತದೆ ಎಂದಳು.

"ನಾಳೆ ಆ ಊರು ಅಲ್ಲೇ ಇರ್ತೈತೇನು?"

ಇರುವುದಿಲ್ಲ. ನಾಳೆ ಬೆಳಿಗ್ಗೆ ಒಂದು ಸರದಿ ಒರೆಸಿ ಸಜ್ಜಿಬಯಲಿಗೆ ಹೊರಡುವುದಿತ್ತು.

"ಹಂಗಾರ ಕೇಳಿಲ್ಲಿ. ಅವರು ಗುಡಾರ ಕೀಳ್ಲಿ, ಹೋಗ್ಲಿ. ನೀ ಆ ಪೆಟ್ಟಿಗಿ ಮುಟ್ಟಬ್ಯಾಡ. ನೀ ಇದ್ದಾಗ ಎಲ್ಲಾ ಸರೀನಽ ಇರ್ತೈತಿ. ನೀ ಇರಲಾರದಾಗ ಏನಾಕ್ಕೈತಿ ಅದು ನೋಡಬೇಕು ನನಗ. ಔಷಧ ಹೊಸ ಜಾಗಕ್ಕ ಬಂತು, ಆಕಿ ಇರಲಿ. ಬರಲಿಲ್ಲ, ಆಕೀನ ಬಸ್ಸಿಗೆ ಹತ್ತಸು. ಒಪ್ಪಿದ್ರೇನು ಇಬ್ರೂ?"

ದಾಕ್ಷಾಯಿಣಿ ಅಕ್ಕನ ಮುಖ ನೋಡಿದಳು. ಕಸ್ತೂರಿ ತಲೆಯಾಡಿಸಿದಳು. ಹನ್ನೆರಡು ನಿಮಿಷ ಮುಂದಿರುವ ಈ ಊರಿನಲ್ಲಿ ಅಕ್ಕನನ್ನು ಬಿಟ್ಟುಹೋಗಬಹುದೋ ಇಲ್ಲವೋ ಎನ್ನುವುದು ಈಗ ತಾನು ಸೇರಿಸಿದ ಕೆಲವು ಸಾಲುಗಳ ಮೇಲೆ ನಿಂತಿದೆ. ಅವನ್ನು ಅವಳು ಕಚೇರಿಯಲ್ಲಿ ಪರೀಕ್ಷೆ ಮಾಡಿ ನೋಡಿರಲಿಲ್ಲ, ಇನ್ನೊಬ್ಬರಿಗೆ ತೋರಿಸಿರಲಿಲ್ಲ.

ಮರುದಿನ ಬಂಡಿಗಳು ಸಜ್ಜಿಬಯಲು ಮುಟ್ಟುವಷ್ಟರಲ್ಲಿ ಬಿಸಿಲು ಚುರುಕಾಗಿತ್ತು. ವಿಜಯಪುರದ ಉಗ್ರಾಣದಿಂದ ಹಾರುಪೆಟ್ಟಿಗೆ ಹೊರಟಿದೆ ಎಂದು ಸುದ್ದಿ ಬಂದಿತ್ತು. ಹೊರಡುವಾಗ ಅದು ಗಾಳಿಕೊಪ್ಪ ಎಲ್ಲಿ ಎಂದು ಹೆಸರುಮನೆಯನ್ನು ಕೇಳಿದಾಗ ಸಿಕ್ಕ ಉತ್ತರ ಕಡಲಿಬಯಲು. ಅಂಥ ಪ್ರತಿ ಉತ್ತರಕ್ಕೂ ಇಂತಿಷ್ಟು ಹೊತ್ತು ಎಂಬ ಆಯುಷ್ಯವಿರುತ್ತದೆ. ಅದು ತೀರುವವರೆಗೆ ಹಾರುಪೆಟ್ಟಿಗೆ ಹಳೆಯ ಉತ್ತರವನ್ನೇ ನಂಬಿ ಹಾರುತ್ತದೆ, ತೀರಿದ ಮೇಲೆ ಮತ್ತೆ ಕೇಳುತ್ತದೆ. ಅಷ್ಟರೊಳಗೆ ಹೊಸ ವಿಳಾಸ ಹೆಸರುಮನೆಗೆ ಸೇರಿರಬೇಕು.

ಶಂಕ್ರೆವ್ವ ಪೆಟ್ಟಿಗೆಯ ಗುಂಡಿ ಒತ್ತಿದಳು. ಅದರ ಗಡಿಯಾರ ಎಂದಿನಂತೆ ಹನ್ನೆರಡು ನಿಮಿಷ ಮುಂದಕ್ಕೇ ಎದ್ದಿತು. ದಾಕ್ಷಾಯಿಣಿ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರ ನಿಂತಳು. ಮಡಿಲಗಣಕ ಚೀಲದಲ್ಲೇ ಇತ್ತು. ಪೆಟ್ಟಿಗೆ ಕೂಗಲಿಲ್ಲ. ಕೂಗದಿರುವುದೆಂದರೆ ಪತ್ರ ಸೇರಿದೆ ಎಂದು ಅರ್ಥ, ಅಥವಾ ಕೂಗುವ ಸಾಲಿನಲ್ಲೇ ತಪ್ಪಿದೆ ಎಂದೂ ಅರ್ಥ.

"ಬಂತೇನು?" ಫೋನಿನಲ್ಲಿ ಅವ್ವ.

"ಇನ್ನೂ ಇಲ್ಲವ್ವ."

ಬಡಗಣ ಆಕಾಶದಲ್ಲಿ ಒಂದು ಚುಕ್ಕೆ ಕಂಡಿತು. ಗುಡಾರ ಕಟ್ಟುತ್ತಿದ್ದವರೆಲ್ಲ ಗೂಟ ಸುತ್ತಿಗೆ ಬಿಟ್ಟು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಚುಕ್ಕೆ ನೆಟ್ಟಗೆ ಕಡಲಿಬಯಲಿನ ಕಡೆಗೇ ಹೋಗುತ್ತಿತ್ತು. ಅಲ್ಲೀಗ ಬೂದಿಯಾದ ಒಲೆಗಳು, ಗೂಟ ಕಿತ್ತ ಕುಳಿಗಳು ಬಿಟ್ಟರೆ ಏನೂ ಇರಲಿಲ್ಲ.

"ಅದು ಆ ಕಡೆ ಹೊಂಟತಲ್ಲೋ," ಎಂದ ಈರಣ್ಣ. ಕಸ್ತೂರಿ ಗುಡಾರದ ಗಂಟಿನಿಂದ ತನ್ನ ಎರಡು ಸೀರೆ ಹೊರಗೆಳೆದು ಮಡಿಸತೊಡಗಿದಳು.

"ತಡಿಯಕ್ಕಾ. ಹಳೇ ಉತ್ತರ ಇನ್ನೂ ಮುಗದಿಲ್ಲ," ಎಂದಳು ದಾಕ್ಷಾಯಿಣಿ. ಅವಳ ದನಿ ಗಟ್ಟಿಯಾಗಿ ಬಂತು, ಎಲ್ಲರಿಗೂ ಕೇಳಿಸಿತು.

ಚುಕ್ಕೆ ಸಣ್ಣದಾಗುತ್ತ ಹೋಯಿತು. ಫಲಕಗಳ ಹೊಳಪಿನಲ್ಲಿ ಒಮ್ಮೆ ಕಾಣದಂತಾಯಿತು. ಮತ್ತೆ ಕಂಡಾಗ ಅದು ಒಂದೇ ಕಡೆ ನಿಂತಿತ್ತು, ದಾರಿ ಕೇಳಲು ನಿಂತವರ ಹಾಗೆ. ಆಮೇಲೆ ಓರೆಯಾಯಿತು. ಬರಬರುತ್ತ ದೊಡ್ಡದಾಯಿತು. ಅದರ ರೆಕ್ಕೆಗಳ ಗುಂಯ್‌ಗುಡುವಿಕೆ ಕೇಳಿಸತೊಡಗಿದಾಗ ಕಸ್ತೂರಿಯ ಕೈಯ ಸೀರೆ ಅರ್ಧ ಮಡಿಕೆಯಲ್ಲೇ ನಿಂತಿತು.

ಹಾರುಪೆಟ್ಟಿಗೆ ಇನ್ನೂ ಕಟ್ಟದ ಗುಡಾರಗಳ ನಡುವೆ ಧೂಳೆಬ್ಬಿಸಿ ಇಳಿಯಿತು. ಮೇಲೆ ಹಸಿರು ದೀಪ ಉರಿಯುತ್ತಿತ್ತು. ಆಡುಗಳು ಚದುರಿ ಓಡಿದವು. ಶಂಕ್ರೆವ್ವ ಸೆರಗಿನಿಂದ ಅದರ ಧೂಳು ಒರೆಸಿ, ಸೀಸೆಗಳನ್ನು ಒಂದೊಂದಾಗಿ ತೆಗೆದು ಸೊಸೆಯ ಮಡಿಲಿಗೆ ಹಾಕಿದಳು.

"ಬಂತವ್ವ," ಎಂದಳು ದಾಕ್ಷಾಯಿಣಿ ಫೋನಿಗೆ.

"ಯಾರೂ ಮುಟ್ಟಿಲ್ಲಲ್ಲ?"

"ಯಾರೂ ಮುಟ್ಟಿಲ್ಲ."

ಆ ಕಡೆಯಿಂದ ಪಾತ್ರೆ ಸರಿಸುವ ಸದ್ದು ಬಂತು. ಮತ್ತೆ ಅವ್ವ ಕೇಳಿದಳು, "ಆ ಹಾರುಪೆಟ್ಟಿಗ್ಯಾಗ ಎಷ್ಟು ಜಾಗ ಇರ್ತೈತಿ? ಮುಂದಿನ ವಾರದ್ದರಾಗ ಶೇಂಗಾ ಉಂಡಿ ಹಿಡೀತಾವೇನು ಕೇಳು."

"ಅವ್ವಾ, ಆಕಿಗೆ ಉಂಡಿ ನಡ್ಯಾಂಗಿಲ್ಲಲ್ಲ."

"ಆಕಿಗ್ಯಾರು ಕೊಡ್ತಾರ?" ಎಂದಳು ಅವ್ವ. "ಆಕಿ ಅತ್ತಿ ಶಂಕ್ರೆವ್ವಗ."